ಅಪ್‌ಡೇಟ್: ಅಮ್ಮನ ಭುಜದ ನೋವು ಈಗ ಹೇಗಿದೆ

ಅಮ್ಮನಿಗೆ ಬಲಗೈ ಎತ್ತಿ ಜಡೆ ಹಾಕಿಕೊಳ್ಳೋಕೆ ಆಗ್ತಿಲ್ಲ, ಮನೆಯಲ್ಲೇ ಮಾಡುವಂಥ ವ್ಯಾಯಾಮ ಇದ್ದರೆ ಹೇಳಿ ಅಂತ ಕೇಳಿದ್ದೆ. ಈಗ ಜಡೆ ಅವರೇ ಹಾಕಿಕೊಳ್ತಿದ್ದಾರೆ! ಮೇಲಿನ ಶೆಲ್ಫಿನ ಡಬ್ಬಿ ಇಳಿಸುವಾಗ ಮಾತ್ರ ಇನ್ನೂ ಸ್ವಲ್ಪ ಹಿಡಿಯುತ್ತೆ.

"ಮೊದಲು ಫಿಸಿಯೋಗೆ ತೋರಿಸಿ" ಅಂದವರಿಗೆ ದೊಡ್ಡ ನಮಸ್ಕಾರ. ನಾವೆಲ್ಲ ಫ್ರೋಜನ್ ಶೋಲ್ಡರ್, ಅಂದ್ರೆ ಭುಜದ ಕೀಲೇ ಬಿಗಿದುಕೊಳ್ಳುವ ತೊಂದರೆ, ಅಂದುಕೊಂಡಿದ್ವಿ. ಅದಾಗಿದ್ದರೆ ಬೇರೆಯವರು ಕೈ ಹಿಡಿದು ಹೊರಕ್ಕೆ ತಿರುಗಿಸಿದರೂ ಬಿಗಿಯಾಗಿಯೇ ಇರುತ್ತಂತೆ. ಅಮ್ಮನ ಕೈ ಫಿಸಿಯೋ ತಿರುಗಿಸಿದಾಗ ಪೂರ್ತಿ ತಿರುಗಿತು. ತೊಂದರೆ ಇದ್ದದ್ದು ಕೀಲನ್ನು ಹಿಡಿದಿಡುವ ರೊಟೇಟರ್ ಕಫ್ ಸ್ನಾಯುಗಳಲ್ಲಿ.

ನಿಜವಾಗಿ ಕೆಲಸ ಮಾಡಿದ್ದು ವ್ಯಾಯಾಮದ ರಬ್ಬರ್ ಬ್ಯಾಂಡ್ ಬಳಸುವ ಸಲಹೆ. ಮೊಣಕೈ ಮಡಚಿ, ಪಕ್ಕೆಗೂ ಮೊಣಕೈಗೂ ನಡುವೆ ಸುತ್ತಿದ ಟವೆಲ್ ಇಟ್ಟು, ಮುಂಗೈಯನ್ನು ನಿಧಾನಕ್ಕೆ ಹೊರಕ್ಕೆ ಎಳೆಯೋದು, ಅಷ್ಟೇ ನಿಧಾನಕ್ಕೆ ವಾಪಸ್ ಬರೋದು. ಶುರುವಿನಲ್ಲಿ ಬ್ಯಾಂಡ್ ಕೂಡ ಬೇಡ ಅಂದ್ರು: ಮುಂಗೈಯ ಹಿಂಭಾಗವನ್ನು ಗೋಡೆಗೆ ಮೆಲ್ಲಗೆ ಒತ್ತಿ ಹಿಡಿದರೆ ಸಾಕು. ಆಮೇಲೆ ಗೋಡೆ ಪುಷ್‌ಅಪ್ ಸೇರಿಸಿದರು.

ಕೈ ಜೋತುಬಿಟ್ಟು ಲೋಲಕದ ಹಾಗೆ ತೂಗಾಡಿಸೋದು ಹಾಯೆನಿಸಿತು, ಆದರೆ ಅದರಿಂದ ಬಲ ಬರಲಿಲ್ಲ. ನೀರಿನ ಬಾಟಲಿ ಹಿಡಿದು ಪಕ್ಕಕ್ಕೆ ಎತ್ತೋದು ನೋವು ಹೆಚ್ಚಿಸಿತು, ಬಿಟ್ಟೆವು.

ನನಗೆ ಆಶ್ಚರ್ಯ ಆಗಿದ್ದು ಬೆನ್ನಿನ ಪಾತ್ರ. ಕೈ ಮೇಲೆತ್ತುವಾಗ ಹೆಗಲ ಮೂಳೆಯೂ ಜೊತೆಗೇ ತಿರುಗಬೇಕಂತೆ, ಅದಕ್ಕೇ ಹೆಗಲ ಮೂಳೆಗಳನ್ನು ಹಿಂದಕ್ಕೆ ಕೂಡಿಸುವ ವ್ಯಾಯಾಮವನ್ನೂ ಕೊಟ್ಟಿದ್ದಾರೆ. ಟಿವಿ ನೋಡ್ತಾನೇ ಮಾಡಬಹುದಾದ್ದರಿಂದ ಅಮ್ಮ ಅದೊಂದನ್ನು ತಪ್ಪಿಸೋದೇ ಇಲ್ಲ.