ಪದಚರ್ಚೆ: ‘ಸರೌಂಡ್ ಸ್ಪೀಕರ್’ ಎಂದರೆ ‘ಹಿಂದಿನ ಸ್ಪೀಕರ್’ ಆಗುತ್ತದೆಯೇ?

ಪ್ರಶ್ನೆ: ಹೋಮ್ ಥಿಯೇಟರ್ ಜೋಡಣೆಯ ಕೈಪಿಡಿಯನ್ನು ಕನ್ನಡಕ್ಕೆ ತರುವಾಗ ‘ಸರೌಂಡ್ ಸ್ಪೀಕರ್’ಗೆ ‘ಹಿಂದಿನ ಸ್ಪೀಕರ್’ ಎಂದು ಬರೆಯಬಹುದೇ? ಆಡುಮಾತಿನಲ್ಲಿ ಹೆಚ್ಚಿನವರು ಹಾಗೇ ಅನ್ನುತ್ತಾರೆ. ‘ಪೊಲಾರಿಟಿ’, ‘ಫೇಸ್’ ಇವಕ್ಕೆ ಏನು ಹೇಳುವುದು? ‘ಕನೆಕ್ಟ್’ಗೆ ‘ಸಂಪರ್ಕಿಸಿ’ ಬಿಟ್ಟು ಬೇರೆ ಮಾತಿಲ್ಲವೇ? ಪುಟದ ತುಂಬ ಅದೊಂದೇ ಕಾಣುತ್ತಿದೆ.

ಉತ್ತರ 1: ‘ಹಿಂದಿನ ಸ್ಪೀಕರ್’ ಬೇಡ. ಇದು ಬರೀ ರುಚಿಯ ಪ್ರಶ್ನೆಯಲ್ಲ, ಆ ಪದವನ್ನು ನಂಬಿ ತಂತಿ ಹಾಕಿದವರಿಗೆ ಸದ್ದೇ ಬರದೆ ಹೋಗಬಹುದು. ಏಳು ಚಾನೆಲ್‌ಗಳ ರಿಸೀವರ್‌ನ (ಸ್ಪೀಕರ್‌ಗಳಿಗೆಲ್ಲ ಸದ್ದು ಹಂಚುವ ಪೆಟ್ಟಿಗೆ) ಬೆನ್ನು ನೋಡಿ. ‘ಫ್ರಂಟ್’, ‘ಸೆಂಟರ್’, ‘ಸರೌಂಡ್’, ‘ಸರೌಂಡ್ ಬ್ಯಾಕ್’ ಎಂದು ಬೇರೆಬೇರೆ ಟರ್ಮಿನಲ್ ಇರುತ್ತವೆ. 5.1 ಜೋಡಣೆಗೆ (ಐದು ಸ್ಪೀಕರ್, ಒಂದು ಸಬ್‌ವೂಫರ್) ಬೇಕಾದದ್ದು ‘ಸರೌಂಡ್’. ‘ಸರೌಂಡ್ ಬ್ಯಾಕ್’ ಇರುವುದು 7.1ರಲ್ಲಿ ಹೆಚ್ಚಾಗಿ ಬರುವ ಇನ್ನೊಂದು ಜೋಡಿಗೆ. ಸೋಫಾದ ಹಿಂದೆ ಎರಡು ಸ್ಪೀಕರ್ ಇಟ್ಟು, ಕೈಪಿಡಿಯಲ್ಲಿ ‘ಹಿಂದಿನ’ ಎಂದು ಓದಿದವರ ಕೈ ನೇರ ‘ಬ್ಯಾಕ್’ ಎಂದಿರುವಲ್ಲಿಗೇ ಹೋಗುತ್ತದೆ. ಆಮೇಲೆ ಸ್ಪೀಕರ್ ಕೆಟ್ಟಿದೆ ಎಂದುಕೊಂಡು ಬಿಚ್ಚಿ ನೋಡುತ್ತಾರೆ.

ಜಾಗದ ಲೆಕ್ಕದಲ್ಲೂ ‘ಹಿಂದಿನ’ ತಪ್ಪೇ. ಟೀವಿಯ ನಡುವನ್ನು 0 ಡಿಗ್ರಿ ಎಂದು ಹಿಡಿದರೆ ಮುಂದಿನ ಎರಡು ಸ್ಪೀಕರ್‌ಗಳು ಎಡಕ್ಕೂ ಬಲಕ್ಕೂ 30 ಡಿಗ್ರಿಯಲ್ಲಿರಬೇಕು, 5.1ರ ಸರೌಂಡ್ ಜೋಡಿ 100ರಿಂದ 120 ಡಿಗ್ರಿಯ ನಡುವೆ. ಅಂದರೆ ಕಿವಿಯ ನೇರಕ್ಕಿಂತ ತುಸು ಹಿಂದೆ ಅಷ್ಟೆ, ಬೆನ್ನ ಹಿಂದಲ್ಲ. ಆದ್ದರಿಂದ ಇವಕ್ಕೆ ‘ಮಗ್ಗುಲ ಸ್ಪೀಕರ್’ ಎನ್ನಿ. 7.1ರ ಹಿಂಜೋಡಿಗೆ, ಅಂದರೆ 135ರಿಂದ 150 ಡಿಗ್ರಿಯವಕ್ಕೆ, ‘ಬೆನ್ನ ಹಿಂದಿನ ಸ್ಪೀಕರ್’ ಎನ್ನಿ. ಪೆಟ್ಟಿಗೆಯ ಮೇಲೆ ಅಚ್ಚಾದ ಹೆಸರನ್ನು ಮಾತ್ರ ಅನುವಾದಿಸಬೇಡಿ: ‘ಮಗ್ಗುಲ ಸ್ಪೀಕರ್‌ನ ತಂತಿಯನ್ನು ಸರೌಂಡ್ ಎಂದು ಬರೆದಿರುವ ಟರ್ಮಿನಲ್‌ಗೆ’ ಎಂದೇ ಬರಲಿ. ಎಡ, ಬಲ ಯಾರದು ಎಂಬುದನ್ನೂ ಒಮ್ಮೆ ಹೇಳಿಬಿಡಿ. ಅದು ಕೂತು ಟೀವಿ ನೋಡುವವರ ಎಡಬಲ. ಟೀವಿಯ ಹಿಂದೆ ಬಗ್ಗಿ ನಿಂತವರಿಗೆ ಎಲ್ಲ ಅದಲುಬದಲಾಗಿ ಕಾಣುತ್ತದೆ.

(ಹಳೆಯ ‘ಬಳಸು’ ಕ್ರಿಯಾಪದಕ್ಕೆ ಸುತ್ತುವರಿ ಎಂಬ ಅರ್ಥವಿದೆ, ‘ಬಳಸುದಾರಿ’ಯಲ್ಲಿ ಅದು ಇನ್ನೂ ಉಳಿದಿದೆ. ಆದರೆ ಇವತ್ತು ‘ಬಳಸುದನಿ’ ಎಂದರೆ ಉಪಯೋಗಿಸಿದ ದನಿಯೇ ಅಂದಾರು. ‘ಸರೌಂಡ್ ಸೌಂಡ್’ ಎಂಬ ಪರಿಣಾಮಕ್ಕೆ ‘ಸುತ್ತುದನಿ’ ಸಾಕು.)

‘ಸಂಪರ್ಕಿಸಿ’ ಎಂಬ ಮಾತು ಮಾಡಬೇಕಾದ ಕೆಲಸವನ್ನೇ ಮರೆಮಾಡುತ್ತದೆ. ಎಚ್‌ಡಿಎಂಐ ಕೇಬಲ್ ಆದರೆ ಸಿಕ್ಕಿಸುವುದು. ಸ್ಪೀಕರ್ ತಂತಿಗೆ ಕನ್ನಡದಲ್ಲಿ ನಾಲ್ಕು ಒಳ್ಳೆಯ ಕ್ರಿಯಾಪದಗಳಿವೆ: ‘ರಿಸೀವರ್‌ನ ಪ್ಲಗ್ ಕಿತ್ತಿಡಿ. ತಂತಿಯ ತುದಿಯನ್ನು 10ರಿಂದ 12 ಮಿ.ಮೀ. ಸುಲಿಯಿರಿ, ಎಳೆಗಳನ್ನು ಬತ್ತಿಯಂತೆ ಹೊಸೆಯಿರಿ, ತಿರುಪು ಸಡಿಲಿಸಿ ಕಂಡಿಯಲ್ಲಿ ತೂರಿಸಿ, ಬಿಗಿಯಿರಿ.’ ಇಲ್ಲಿ ‘ಹೊಸೆ’ ಬಹಳ ಮುಖ್ಯ. ಹೊಸೆಯದ ತಂತಿಯಿಂದ ಕೂದಲಿನಂಥ ಒಂದು ಎಳೆ ಹೊರಗೆ ಚಾಚಿ ಪಕ್ಕದ ಟರ್ಮಿನಲ್‌ಗೆ ತಗುಲಿದರೆ ಶಾರ್ಟ್ ಆಗಿ ರಿಸೀವರ್ ‘ಪ್ರೊಟೆಕ್ಟ್’ ಎಂದು ತೋರಿಸಿ ಆರಿಹೋಗುತ್ತದೆ.

‘ಪೊಲಾರಿಟಿ’ಗೆ ‘ಧ್ರುವತೆ’ ಎಂಬುದು ಪಠ್ಯಪುಸ್ತಕದಲ್ಲಿರಲಿ. ಕೈಪಿಡಿಗೆ ‘ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು’ ಸಾಕು, ತಪ್ಪಿದರೆ ‘ಪ್ಲಸ್ ಮೈನಸ್ ಉಲ್ಟಾ ಆಗಿದೆ’ ಎನ್ನಿ. ಮುಂದಿನ ಎರಡರಲ್ಲಿ ಒಂದು ಮಾತ್ರ ಉಲ್ಟಾ ಆದರೆ ತಗ್ಗುದನಿ (ಬಾಸ್) ಸೊರಗುತ್ತದೆ, ನಡುವಿನಿಂದ ಬರಬೇಕಾದ ಹಾಡುಗಾರರ ದನಿ ಎಲ್ಲಿಂದಲೋ ಬಂದಂತಾಗುತ್ತದೆ. ಗೋಡೆಯೊಳಗೆ ಹಾದ ತಂತಿಯ ಗುರುತು ಸಿಗದಿದ್ದರೆ, ರಿಸೀವರ್ ಕಡೆಯ ತುದಿಗಳನ್ನು ಬಿಚ್ಚಿ 1.5 ವೋಲ್ಟಿನ ಸೆಲ್ಲಿಗೆ ಕ್ಷಣಮಾತ್ರ ಮುಟ್ಟಿಸಿ. ಸಾಮಾನ್ಯವಾಗಿ ವೂಫರ್‌ನ (ತಗ್ಗುದನಿ ಹೊರಡಿಸುವ ಭಾಗ) ಕೋನ್ ಹೊರಕ್ಕೆ ನೆಗೆದರೆ ಸೆಲ್ಲಿನ ಪ್ಲಸ್ ಮುಟ್ಟಿದ ತುದಿಯೇ ಕೆಂಪಿಗೆ ಸೇರಬೇಕಾದದ್ದು.

‘ಫೇಸ್’ ಅನ್ನು ಹಾಗೇ ಬಿಟ್ಟರೆ ತೊಂದರೆಯಿದೆ. ವೈರಿಂಗ್ ಮಾತಿನಲ್ಲಿ ಫೇಸ್ ಎಂದರೆ ಕರೆಂಟ್ ಹರಿಯುವ ತಂತಿ. ಸಬ್‌ವೂಫರ್‌ನ ‘ಫೇಸ್ 0/180’ ಸ್ವಿಚ್ಚಿಗೂ ಅದಕ್ಕೂ ಸಂಬಂಧವಿಲ್ಲ. ‘ಅಲೆಹೊಂದಿಕೆ’ ಎಂದು ಬರೆದು, ಪಕ್ಕದಲ್ಲೇ ಬಿಡಿಸಿ ಹೇಳಿ: ಎರಡೂ ಕಡೆ ಇಟ್ಟು ಕೇಳಿ, ಕೂರುವ ಜಾಗದಲ್ಲಿ ಯಾವುದರಲ್ಲಿ ತಗ್ಗುದನಿ ತುಂಬಿ ಬರುತ್ತದೋ ಅಲ್ಲಿ ಬಿಡಿ.

ಇನ್ನು 5.1 ಅನ್ನು ‘ಐದು ದಶಾಂಶ ಒಂದು’ ಎಂದು ಬರೆಯಬೇಡಿ, ಅದು ಭಿನ್ನರಾಶಿಯಲ್ಲ. ಆ 1 ಸುಮಾರು 120 ಹರ್ಟ್ಸ್‌ವರೆಗಿನ ತಗ್ಗುದನಿಗೇ ಮೀಸಲಾದ ಚಾನೆಲ್. 5.1.2ರಲ್ಲಿ ಎರಡು ಚುಕ್ಕೆಗಳಿವೆ, ಕೊನೆಯ 2 ತಲೆಯ ಮೇಲಿನ ಸ್ಪೀಕರ್‌ಗಳು. ‘ಐದು ಪಾಯಿಂಟ್ ಒಂದು’ ಎಲ್ಲರಿಗೂ ತಿಳಿದಿದೆ.

ಉತ್ತರ 2: ‘ಮಗ್ಗುಲ ಸ್ಪೀಕರ್’ ಒಪ್ಪಿಗೆ. ಜನ ಎಡವುವ ಇನ್ನೆರಡು ಪದಗಳಿವೆ.

ಮೊದಲನೆಯದು ‘ಔಟ್’. ಟೀವಿಯ ಸದ್ದನ್ನು ರಿಸೀವರ್‌ಗೆ ತರಬೇಕು ಎಂದಾಗ ‘ಟೀವಿಯ ಎಚ್‌ಡಿಎಂಐ ಔಟ್‌ನಿಂದ’ ಎಂದು ಬರೆದುಬಿಡುತ್ತಾರೆ. ಸಾಮಾನ್ಯವಾಗಿ ಟೀವಿಗಳಲ್ಲಿ ಅಂಥ ತೂತೇ ಇರುವುದಿಲ್ಲ. ‘ಎಆರ್‌ಸಿ’ (ಆಡಿಯೋ ರಿಟರ್ನ್ ಚಾನೆಲ್) ಅಥವಾ ಅದರ ಸುಧಾರಿತ ರೂಪವಾದ ‘ಇಎಆರ್‌ಸಿ’ ಎಂದು ಗುರುತಿರುವ ಇನ್‌ಪುಟ್‌ನಿಂದಲೇ ಸದ್ದು ವಾಪಸು ಹೋಗುತ್ತದೆ, ಹೆಸರಿನಲ್ಲಿರುವ ‘ರಿಟರ್ನ್’ಗೆ ಅರ್ಥವೇ ಅದು. ಅಲ್ಲಿಂದ ಕೇಬಲ್ ರಿಸೀವರ್‌ನ ‘ಔಟ್’ಗೆ ಹೋಗಬೇಕು. ಎಆರ್‌ಸಿಗೆ ‘ಮರಳುದನಿ’ ಎಂಬ ಹೆಸರು ಹಿಡಿಸದಿದ್ದರೂ ‘ಟೀವಿಯ ಇನ್, ರಿಸೀವರ್‌ನ ಔಟ್’ ಎಂದು ಒತ್ತಿ ಬರೆಯಿರಿ. ಜೊತೆಗೆ ಎಆರ್‌ಸಿಗೆ ಸಾಮಾನ್ಯವಾಗಿ ಟೀವಿಯಲ್ಲಿ ಸಿಇಸಿ (ಎಚ್‌ಡಿಎಂಐ ಮೂಲಕ ಸಾಧನಗಳು ಒಂದನ್ನೊಂದು ನಿಯಂತ್ರಿಸುವ ವ್ಯವಸ್ಥೆ) ಆನ್ ಇರಬೇಕು, ಆಡಿಯೋ ಸೆಟ್ಟಿಂಗ್ ‘ಪಿಸಿಎಂ’ ಬದಲು ‘ಬಿಟ್‌ಸ್ಟ್ರೀಮ್’ ಅಥವಾ ‘ಪಾಸ್‌ಥ್ರೂ’ ಆಗಿರಬೇಕು. ಮಾಮೂಲಿ ಎಆರ್‌ಸಿಯಲ್ಲಿ ಪಿಸಿಎಂ ಇಟ್ಟರೆ ಎರಡೇ ಚಾನೆಲ್ ಬರುತ್ತವೆ, ಮಗ್ಗುಲ ಸ್ಪೀಕರ್‌ಗಳು ಮೂಕವಾಗುತ್ತವೆ.

ಎರಡನೆಯದು ‘ಕನಿಷ್ಠ 16 ಗೇಜ್’. ಗೇಜಿನಲ್ಲಿ ಅಂಕಿ ಏರಿದಷ್ಟೂ ತಂತಿ ತೆಳು. ಕನಿಷ್ಠ 16 ಎಂದು ಓದಿದವರು 18ರದು ಇನ್ನೂ ಒಳ್ಳೆಯದೆಂದು ತಂದು ಕೆಡುತ್ತಾರೆ. ‘1.5 ಚದರ ಮಿ.ಮೀ. ಅಥವಾ ಅದಕ್ಕಿಂತ ದಪ್ಪ’ ಎಂದರೆ ಗೊಂದಲವಿಲ್ಲ. ತಂತಿಯ ರೋಧ ಸ್ಪೀಕರ್‌ನ ಇಂಪೆಡೆನ್ಸಿನ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ, ಓಮ್‌ಗಳಲ್ಲಿ) 5%ಕ್ಕಿಂತ ಕೆಳಗಿದ್ದರೆ ಸಾಕು. ಹತ್ತು ಮೀಟರ್ ದೂರಕ್ಕೆ ಹೋಗಿ ಬರುವ ತಂತಿ ಇಪ್ಪತ್ತು ಮೀಟರ್, 1.5ರ ತಾಮ್ರದಲ್ಲಿ ಅದು ಸುಮಾರು 0.23 ಓಮ್. 8 ಓಮ್‌ನ ಸ್ಪೀಕರ್‌ಗೆ ಮಿತಿ 0.4, ಅಡ್ಡಿಯಿಲ್ಲ. 4 ಓಮ್‌ನದಕ್ಕೆ ಮಿತಿ 0.2 ಆಗುವುದರಿಂದ 2.5ರ ತಂತಿ ಬೇಕು.