ಸಹಾಯ ಬೇಕು: ‘ನೆಝಾ’ ಸಬ್‌ಟೈಟಲ್‌ನಲ್ಲಿ ಸಿಚುವಾನ್ ಧಾಟಿಗೆ ಯಾವ ಕನ್ನಡ?

ಎಲ್ಲರಿಗೂ ನಮಸ್ಕಾರ. 2019ರ ಚೀನೀ ಅನಿಮೇಷನ್ ಚಿತ್ರ ‘ನೆಝಾ’ಕ್ಕೆ ಕನ್ನಡ ಸಬ್‌ಟೈಟಲ್ ಮಾಡ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೀವಿ. ಹಂದಿ ಮೇಲೆ ಸವಾರಿ ಮಾಡೋ ಗುರು ತೈಯಿ ಝೆನ್‌ರೆನ್ ಮಾತಾಡೋದು ನೈಋತ್ಯ ಚೀನಾದ ಸಿಚುವಾನ್ ಪ್ರಾಂತ್ಯದ ಧಾಟಿಯಲ್ಲಿ. ಅವನ ಶಿಷ್ಯ, ಕಥಾನಾಯಕ ಹುಡುಗ ನೆಝಾ ಮತ್ತು ಹುಡುಗನ ಅಪ್ಪ-ಅಮ್ಮನದ್ದು ಶಿಷ್ಟ ಮ್ಯಾಂಡರಿನ್, ಅಂದ್ರೆ ಚೀನಾದ ಪ್ರಮಾಣಿತ ಭಾಷೆ. ನಿರ್ದೇಶಕ ಜಿಯಾವ್‌ಜಿ ಸಿಚುವಾನಿನವರೇ. ನೆಝಾನನ್ನು ಕಾಯೋ ಎರಡು ಕಂಚಿನ ಪ್ರಾಣಿಗಳ ಮುಖವೂ ಅಲ್ಲಿನ ಸಾನ್‌ಶಿಂಗ್‌ದುಯಿ ಉತ್ಖನನದಲ್ಲಿ ಸಿಕ್ಕ ಕಂಚಿನ ತಲೆಗಳನ್ನೇ ಹೋಲುತ್ತೆ. ಹಾಗಾಗಿ ಆ ಧಾಟಿ ಬರೀ ನಗಿಸೋಕಲ್ಲ, ನೆಲದ ಗುರುತು. ಅದನ್ನ ಕಳೆಯೋಕೆ ಮನಸ್ಸಿಲ್ಲ.

ಮೊದಲು ಧಾರವಾಡ ಕನ್ನಡದಲ್ಲಿ ಬರೆದ್ವಿ: ‘ಏನಪಾ, ಎಲ್ಲಿಗೆ ಹೊಂಟಿ?’ ಗುರು ಹುಬ್ಬಳ್ಳಿಯವನೇ ಆಗಿಬಿಟ್ಟ, ಸಿಚುವಾನ್ ಮಾಯ. ಗ್ರಂಥಸ್ಥ ಕನ್ನಡಕ್ಕೆ ತಂದ್ರೆ ಧಾಟಿಯೇ ಇಲ್ಲ. ಕ್ರಿಯಾಪದದ ಕೊನೆ ಮಾತ್ರ ಸಡಿಲಿಸಿ ‘ಬರ್ತೀನಿ’ ಅಂದ್ರೆ, ನೆಝಾನ ಮಾತೂ ಹಾಗೇ ಇರೋದ್ರಿಂದ ಇಬ್ಬರೂ ಒಂದೇ ಥರ ಕೇಳಿಸ್ತಾರೆ. ತೆರೆ ಮೇಲೆ ಇರೋದು ಎರಡೇ ಸಾಲು, ವಿವರಣೆಗೆ ಜಾಗ ಇಲ್ಲ.

ಕನ್ನಡದ ಯಾವ ಜಿಲ್ಲೆಗೂ ಅಂಟಿಕೊಳ್ಳದೆ, ಓದಿದ ತಕ್ಷಣ ‘ಈತ ಬೇರೆ ಸೀಮೆಯವ’ ಅನ್ನಿಸಬೇಕಾದ್ರೆ ಏನನ್ನ ಬದಲಿಸಬೇಕು: ಕರೆಯೋ ರೀತಿಯನ್ನೋ, ಪದಗಳನ್ನೋ, ವಾಕ್ಯದ ಕೊನೆಯನ್ನೋ? ‘ಬಾ ಮಗು, ಹೊತ್ತಾಯಿತು, ಈಟಿ ತೆಗೆದುಕೋ’ ಅನ್ನೋ ಸಾಲನ್ನ ನಿಮ್ಮ ರೀತಿಯಲ್ಲಿ ತಿದ್ದಿ ತೋರಿಸ್ತೀರಾ?