ಸಹಾಯ ಬೇಕು: ಗೋಬರ್ ಗ್ಯಾಸ್ ಪೈಪಿನ್ಯಾಗ ನೀರು ನಿಲ್ಲತೈತಿ

ಬಾದಾಮಿ ತಾಲೂಕಿನ ಹಳ್ಳ್ಯಾಗ 2 ಘನ ಮೀಟರಿನ ದೀನಬಂಧು ಪ್ಲಾಂಟ್ (ನೆಲದಾಗ ಕಟ್ಟೋ ಗುಮ್ಮಟದ ಗೋಬರ್ ಗ್ಯಾಸ್ ತೊಟ್ಟಿ) ಐತ್ರಿ. ದಿನಾ 50 ಕೆಜಿ ಹೆಂಡಿ, ಅಷ್ಟ ನೀರು ಕಲಸಿ ಹಾಕ್ತೀವಿ. ಗ್ಯಾಸಿಗೆ ಕೊರತಿ ಇಲ್ಲ, ಆದ್ರ ಒಲಿ ಉರಿ ಭಗ್ ಭಗ್ ಅಂತ ಏರಿಳಿದು ಆರತೈತಿ. ಆವಿ ತಣ್ಣಗಾಗಿ ಪೈಪಿನ್ಯಾಗ ನೀರು ಕೂಡೋದ ಕಾರಣ. ಪೈಪು ಅಂಗಳದ ನಡುವ ಜೋತುಬಿದ್ದೈತಿ, ನೀರು ಬಿಡೋ ನಲ್ಲಿ ಮಾತ್ರ ಒಲಿ ಹತ್ರ, ಎತ್ತರದಾಗ ಐತಿ. ಜಾಯಿಂಟಿಗೆಲ್ಲ ಸಾಬೂನು ನೊರಿ ಹಚ್ಚಿ ನೋಡೀವಿ, ಸೋರಿಕಿ ಇಲ್ಲ.

ತಗ್ಗಿನ್ಯಾಗ ಟಿ ಆಕಾರದ ಪೈಪ್ ಜಾಯಿಂಟ್ ಹಾಕಿ ಇನ್ನೊಂದು ನಲ್ಲಿ ಕೂಡಿಸಿದ್ರ ಸಾಕೋ, ಇಡೀ ಪೈಪನ್ನ ಪ್ಲಾಂಟಿನ ಕಡೆ ಇಳಿಜಾರು ಮಾಡಬೇಕೋ? 50 ಅಡಿಗೆ ಎಷ್ಟು ಇಂಚು ಇಳಿಸ್ತೀರಿ? ನೀರು ಬಿಡುವಾಗ ಗ್ಯಾಸ್ ಹೊರಗ ಹೋಗಬಾರದು (ಸುಡದ ಮೀಥೇನ್, ಸುಟ್ಟಾಗ ಬರೋ ಕಾರ್ಬನ್ ಡೈಆಕ್ಸೈಡಿಗಿಂತ ಹೆಚ್ಚು ಭೂಮಿ ಬಿಸಿ ಮಾಡತೈತಿ). ಅದಕ್ಕ ಯು ಆಕಾರದ ಟ್ರ್ಯಾಪ್ (ನೀರು ಹೊರಗ ಬಿಟ್ಟು ಗ್ಯಾಸ್ ತಡಿಯೋ ಬಾಗಿದ ಪೈಪು) ಹಾಕಿದವರಿದ್ರ ಅಳತಿ, ಫೋಟೋ ಹಾಕ್ರಿ.